ಕುತ್ತಿಗೆಗೆ ಚೂರಿ ಹಿಡಿದವನನ್ನು ನಂಬಿದೆ, ಕಾಪಾಡಿದವನನ್ನು ಯಾಕೆ ನಂಬಲಾಗಲಿಲ್ಲ?

ಪ್ರಶ್ನೆ: ಕಥೆಗೆ ಮಹತ್ವ ಇರುವ ವಿಡಿಯೋ ಗೇಮ್‌ಗಳೆಂದರೆ ನನಗೆ ಪ್ರಾಣ. ಬಾಲ್ಡರ್ಸ್ ಗೇಟ್ 3ರಲ್ಲಿ ಅಸ್ಟೇರಿಯನ್ ಎಂಬ ಜೊತೆಗಾರ ಮೊದಲ ಭೇಟಿಯಲ್ಲೇ ನನ್ನ ಕುತ್ತಿಗೆಗೆ ಚೂರಿ ಹಿಡಿದ. ಆಮೇಲೊಂದು ರಾತ್ರಿ ಮಲಗಿದ್ದಾಗ ರಕ್ತ ಹೀರಲು ಬಂದ. ಆದರೂ ಆಟ ಮುಗಿಯುವ ಹೊತ್ತಿಗೆ ಅವನ ಮೇಲೆ ನನಗೆ ಪೂರ್ತಿ ನಂಬಿಕೆ ಬಂದಿತ್ತು. ಅದೇ ಆಟದ ಎಂಪರರ್ ಎಂಬ ಪಾತ್ರ ಮೊದಲಿನಿಂದಲೂ ನನ್ನನ್ನು ಕಾಪಾಡುತ್ತಲೇ ಬಂದ, ಅವನನ್ನು ಮಾತ್ರ ಕೊನೆಯವರೆಗೂ ನಂಬಲಾಗಲಿಲ್ಲ. ನನ್ನ ಗೆಳತಿಯೋ, ಇಡೀ ಆಟದಲ್ಲಿ ನೆಟ್ಟಗೆ ನಡೆದುಕೊಂಡವನು ಎಂಪರರ್ ಒಬ್ಬನೇ ಎಂದು ವಾದಿಸುತ್ತಾಳೆ. ಬೇರೆ ಆಟಗಳಲ್ಲೂ ಇದೇ ಅನುಭವ. ಪೂರ್ತಿ ಒಳ್ಳೆಯವರೂ ಅಲ್ಲದ, ಪೂರ್ತಿ ಕೆಟ್ಟವರೂ ಅಲ್ಲದ ಜೊತೆಗಾರರಲ್ಲಿ ಕೆಲವರು ಮನಸ್ಸಿಗೆ ಹತ್ತಿರವಾಗುತ್ತಾರೆ, ಕೆಲವರು ಏನು ಮಾಡಿದರೂ ಆಗುವುದಿಲ್ಲ. ಇದು ಬರವಣಿಗೆಯ ದೋಷವೋ, ನನ್ನ ಪೂರ್ವಗ್ರಹವೋ?

ಉತ್ತರ: ನಿಮ್ಮ ಪೂರ್ವಗ್ರಹ ಖಂಡಿತ ಅಲ್ಲ. ನೀವು ಹೆಸರಿಸಿದ ಈ ಜೋಡಿಗಿಂತ ಒಳ್ಳೆಯ ಉದಾಹರಣೆ ನನಗೂ ಸಿಗುತ್ತಿರಲಿಲ್ಲ, ಹಾಗಾಗಿ ಇಲ್ಲಿಂದಲೇ ಶುರು ಮಾಡುತ್ತೇನೆ. ಮುಂದೆ ಹಲವು ಆಟಗಳ ಗುಟ್ಟುಗಳು ಬಯಲಾಗುತ್ತವೆ. ಆಡಬೇಕೆಂದುಕೊಂಡ ಆಟದ ಹೆಸರು ಕಂಡರೆ ಆ ಭಾಗ ಬಿಟ್ಟು ಮುಂದೆ ಹೋಗಿ.

ನನ್ನ ಅಭಿಪ್ರಾಯ ಇಷ್ಟು. ಒಬ್ಬ ಜೊತೆಗಾರನನ್ನು ಅನುಮಾನಿಸಲು ಆಟ ನಮಗೆ ನಿಜವಾದ ಅವಕಾಶ ಕೊಟ್ಟಿದ್ದರೆ ಮಾತ್ರ ಅವನ ಮೇಲೆ ನಂಬಿಕೆ ಹುಟ್ಟುತ್ತದೆ. ಅವನು ಎಷ್ಟು ಒಳ್ಳೆಯವನು, ಎಷ್ಟು ಸಲ ನಮ್ಮ ಜೀವ ಉಳಿಸಿದ ಎಂಬುದರ ಮೇಲೆ ಅದು ನಿಂತಿಲ್ಲ. ಅನುಮಾನ ಬಂದಾಗ ಅದನ್ನು ಬಾಯಿಬಿಟ್ಟು ಹೇಳಲು, ಪರೀಕ್ಷಿಸಲು, ಬೇಕಾದರೆ ಅವನನ್ನು ಹೊರಗೆ ಕಳಿಸಲು ದಾರಿ ಇರಬೇಕು. ಅದೆಲ್ಲ ಇದ್ದೂ ಇಟ್ಟುಕೊಂಡೆವೆಂದರೆ ಆ ನಂಬಿಕೆ ನಮ್ಮದು. ದಾರಿಯೇ ಇಲ್ಲದಿದ್ದರೆ ಅದು ಕಥೆ ನಮ್ಮ ಮೇಲೆ ಹೇರಿದ್ದು, ಮನಸ್ಸು ಅದನ್ನು ಒಪ್ಪುವುದಿಲ್ಲ.

ಅಸ್ಟೇರಿಯನ್‌ನ ಆ ರಾತ್ರಿಯನ್ನೇ ತೆಗೆದುಕೊಳ್ಳಿ. ಅವನು ರಕ್ತಪಿಶಾಚಿ ಎಂಬುದು ಗೊತ್ತಾಗುವ ಮುಂಚೆಯೇ ದಾರಿಯಲ್ಲಿ ಒಂದು ಕಾಡುಹಂದಿ ಸತ್ತುಬಿದ್ದಿರುತ್ತದೆ. ಮೈಯಲ್ಲಿ ರಕ್ತವಿಲ್ಲ, ಕುತ್ತಿಗೆಯಲ್ಲಿ ಹಲ್ಲಿನ ಗುರುತು. ನೋಡುವ ಕಣ್ಣಿದ್ದರೆ ಅಲ್ಲೇ ಅನುಮಾನ ಹುಟ್ಟುತ್ತದೆ. ರಾತ್ರಿ ಅವನು ಮೈಮೇಲೆ ಬಾಗಿದಾಗ ಎಚ್ಚರವಾದರೆ, ಆಟ ನಮ್ಮ ಮುಂದೆ ಇಡುವ ಆಯ್ಕೆಗಳನ್ನು ನೋಡಿ. ಬೇಡ ಎನ್ನಬಹುದು. ಎದೆಗೆ ಗೂಟ ಜಡಿದು ಅಲ್ಲೇ ಮುಗಿಸಬಹುದು. ಕುಡಿ ಎಂದು ಕುತ್ತಿಗೆ ಕೊಡಬಹುದು. ಕೊಟ್ಟರೆ ಸಾಕು ಎಂದು ನಿಲ್ಲಿಸುವುದು ನಮ್ಮ ಜವಾಬ್ದಾರಿ, ನಿಲ್ಲಿಸಲಾಗದಿದ್ದರೆ ಸಾವು. ನಿಲ್ಲಿಸಿದರೂ ಬೆಳಗ್ಗೆ ರಕ್ತ ಕಡಿಮೆಯಾಗಿ, ಮತ್ತೆ ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳುವವರೆಗೆ ಏಟು ಹಾಕುವಾಗ, ತಪ್ಪಿಸಿಕೊಳ್ಳುವಾಗ ದಾಳದಿಂದ 1 ಕಳೆದೇ ಲೆಕ್ಕ. ಅಂಕಿ ಚಿಕ್ಕದು. ಆದರೆ ನಂಬಿದ್ದಕ್ಕೆ ಮೈ ತೆತ್ತ ಬೆಲೆ ಅದು. ಮರುದಿನ ಆ ಕಳೆದ 1ರಿಂದಾಗಿಯೇ ಒಂದು ಏಟು ತಪ್ಪಿದಾಗ, ನಿನ್ನೆ ರಾತ್ರಿಯ ನಿರ್ಧಾರ ಮತ್ತೆ ನೆನಪಾಗುತ್ತದೆ.

ಇನ್ನೊಂದು ದೃಶ್ಯವೂ ಇದೆ, ನನ್ನ ದೃಷ್ಟಿಯಲ್ಲಿ ಇಡೀ ಆಟದ ಅತ್ಯುತ್ತಮ ದೃಶ್ಯಗಳಲ್ಲಿ ಒಂದು. ಎರಡನೇ ಅಂಕದಲ್ಲಿ ಮೂನ್‌ರೈಸ್ ಟವರ್ಸ್‌ನಲ್ಲಿ ಅರಾಜ್ ಎಂಬ ವ್ಯಾಪಾರಿ ಸಿಗುತ್ತಾಳೆ. ರಕ್ತದ ವಿದ್ಯೆಯಲ್ಲಿ ಪಳಗಿದವಳು. ಅಸ್ಟೇರಿಯನ್ ತನ್ನನ್ನು ಕಚ್ಚಬೇಕೆಂಬುದು ಅವಳ ಆಸೆ, ಕಚ್ಚಿದರೆ ನಮಗೊಂದು ಮದ್ದು ಕೊಡುತ್ತಾಳೆ. ಆ ಮದ್ದು ಕುಡಿದವರ ದೇಹಬಲ ಶಾಶ್ವತವಾಗಿ 2 ಅಂಕ ಏರುತ್ತದೆ. ಇಂಥ ಆಟ ಆಡುವವರಿಗೆ ಅದು ಎಂಥ ಆಮಿಷ ಎಂದು ನಿಮಗೇ ಗೊತ್ತು. ಅಸ್ಟೇರಿಯನ್‌ಗೆ ಇಷ್ಟವಿಲ್ಲ. ಇನ್ನೂರು ವರ್ಷ ಒಡೆಯನೊಬ್ಬನ ಹಂಗಿನಲ್ಲಿದ್ದು, ತನ್ನ ದೇಹವನ್ನು ಇನ್ನೊಬ್ಬರ ಕೆಲಸಕ್ಕೆ ಬಳಸಿಕೊಂಡೇ ಬದುಕಿದವನು ಅವನು. ಈಗ ನಾವು ಒತ್ತಾಯ ಮಾಡಿ ಕಚ್ಚಿಸಬಹುದು, ಅಥವಾ ‘ನಿನ್ನಿಷ್ಟ’ ಎಂದು ಬಿಟ್ಟುಬಿಡಬಹುದು. ಬಿಟ್ಟರೆ ಮದ್ದು ಹೋಯಿತು, ಆದರೆ ಆಮೇಲೆ ಅವನಾಗಿಯೇ ಬಂದು ಕೃತಜ್ಞತೆ ಹೇಳುತ್ತಾನೆ. ಒತ್ತಾಯಿಸಿದರೆ ಮದ್ದು ಸಿಗುತ್ತದೆ, ಅವನ ಮನಸ್ಸು ಮುರಿಯುತ್ತದೆ.

ಇಲ್ಲಿ ಪರೀಕ್ಷೆಗೆ ಒಳಗಾಗುತ್ತಿರುವವರು ನಾವು. ಇಷ್ಟು ಹೊತ್ತು ಇವನನ್ನು ನಂಬಬಹುದೇ ಎಂದು ಕೇಳುತ್ತಿದ್ದ ಆಟ, ಈಗ ಇವನು ನಿಮ್ಮನ್ನು ನಂಬಬಹುದೇ ಎಂದು ಕೇಳುತ್ತಿದೆ. ಜೊತೆಗಾರರನ್ನು ಬರೆಯುವವರಲ್ಲಿ ಬಹಳ ಮಂದಿ ಈ ಎರಡನೇ ಪ್ರಶ್ನೆಯನ್ನು ಕೇಳುವುದೇ ಇಲ್ಲ. ನಂಬಿಕೆ ಒಂದೇ ದಿಕ್ಕಿನಲ್ಲಿ ಹರಿಯುವಂಥದ್ದಲ್ಲ. ಆ ಮದ್ದನ್ನು ಕೈಬಿಟ್ಟ ಆಟಗಾರ, ಮೂರನೇ ಅಂಕದಲ್ಲಿ ಅಸ್ಟೇರಿಯನ್ 7,000 ಜೀವಗಳನ್ನು ಬಲಿಕೊಟ್ಟು ಮಹಾಶಕ್ತಿ ಪಡೆಯಲು ಹೊರಟಾಗ ‘ಬೇಡ’ ಎಂದರೆ ಆ ಮಾತಿಗೆ ತೂಕ ಬರುವುದು ಇದರಿಂದಲೇ.

ಈಗ ಎಂಪರರ್ ಕಡೆಗೆ ಬನ್ನಿ. ಅವನು ಮೊದಲು ಕನಸಿನಲ್ಲಿ ಬರುತ್ತಾನೆ, ಆಟದ ಆರಂಭದಲ್ಲಿ ನಾವೇ ಕುಳಿತು ರೂಪಿಸಿದ ಮುಖ ಹೊತ್ತು. ಮಾತು ಮೃದು, ನಡೆ ಸೌಮ್ಯ. ನಮ್ಮನ್ನು ಮೈಂಡ್ ಫ್ಲೇಯರ್ ಎಂಬ ಮೆದುಳು ತಿನ್ನುವ ರಾಕ್ಷಸರನ್ನಾಗಿ ಮಾಡಬಲ್ಲ, ನಮ್ಮ ತಲೆಯೊಳಗೆ ಹೊಕ್ಕಿರುವ ಹುಳದ ಶಕ್ತಿಯನ್ನು ಬಳಸಿಕೊಳ್ಳಿ ಎಂದು ಹುರಿದುಂಬಿಸುತ್ತಾನೆ. ಮೂರನೇ ಅಂಕ ತೆರೆದುಕೊಳ್ಳುವಾಗ ಬಣ್ಣ ಬಯಲಾಗುತ್ತದೆ. ಅವನು ಸ್ವತಃ ಮೈಂಡ್ ಫ್ಲೇಯರ್, ಇಷ್ಟು ದಿನ ನಮ್ಮನ್ನು ಉಳಿಸಿದ ಶಕ್ತಿ ಅವನದಲ್ಲ, ಸೆರೆಯಲ್ಲಿರುವ ಓರ್ಫಿಯಸ್ ಎಂಬ ರಾಜಕುಮಾರನದು. ಸುಳ್ಳು ಹೇಳಿದ್ದು ದೊಡ್ಡ ಸಮಸ್ಯೆಯಲ್ಲ. ಅಸ್ಟೇರಿಯನ್ ಹೇಳಿದ ಸುಳ್ಳುಗಳಿಗೇನು ಕಡಿಮೆಯೇ? ಸಮಸ್ಯೆ ಇರುವುದು ಆ ಕ್ಷಣದಲ್ಲಿ ಆಟ ಕೊಡುವ ಆಯ್ಕೆಯಲ್ಲಿ. ಎಂಪರರ್ ಪರ ನಿಂತರೆ ಕಥೆ ಮುಂದುವರಿಯುತ್ತದೆ. ಅವನನ್ನು ಅಲ್ಲೇ ಕೊಂದರೆ ರಕ್ಷಣೆ ತಪ್ಪಿ ನಾವೆಲ್ಲ ಮೈಂಡ್ ಫ್ಲೇಯರ್‌ಗಳಾಗಿ ಮಾರ್ಪಡುತ್ತೇವೆ, ಆಟ ಮುಗಿಯುತ್ತದೆ. ಅನುಮಾನಕ್ಕೆ ಸಿಕ್ಕ ಉತ್ತರ ಸೋಲಿನ ಪರದೆ. ಆ ಕ್ಷಣದಿಂದ ಅವನ ಜೊತೆ ನಡೆಯುತ್ತಿರುವುದು ಬೇರೆ ಗತಿಯಿಲ್ಲದೆ ಎಂದು ನಮಗೂ ಗೊತ್ತು, ಅವನಿಗೂ ಗೊತ್ತು. ಗತಿಯಿಲ್ಲದೆ ಮಾಡಿಕೊಂಡ ಹೊಂದಾಣಿಕೆಯನ್ನು ‘ನಾವಿಬ್ಬರೂ ಗೆಳೆಯರು’ ಎಂಬ ದನಿಯಲ್ಲಿ ಮಾತಾಡಿಸಿದಾಗ ಮೈ ಜುಮ್ಮೆನ್ನುತ್ತದೆ. ನಿಮಗೆ ಆದದ್ದು ಇದೇ.

ಬರವಣಿಗೆ ಕೆಟ್ಟದ್ದೇ ಎಂದು ಕೇಳಿದರೆ, ಇಲ್ಲ ಎನ್ನುತ್ತೇನೆ. ನಂಬಲಾಗದ ಪಾತ್ರವಾಗಿ ಎಂಪರರ್ ಚೆನ್ನಾಗಿಯೇ ಮೂಡಿದ್ದಾನೆ. ಅವನ ಬಗೆಗಿನ ಜಗಳಕ್ಕೆ ಇನ್ನೊಂದು ಕಾರಣವಿದೆ. ನಿಮ್ಮ ಗೆಳತಿಯ ವಿಷಯಕ್ಕೆ ಬಂದಾಗ ಅದನ್ನು ಹೇಳುತ್ತೇನೆ.

ನಿಜವಾಗಿ ಕೈಕೊಟ್ಟ ಬರವಣಿಗೆ ಬೇಕೆಂದರೆ 1997ರ ಫೈನಲ್ ಫ್ಯಾಂಟಸಿ 7ರ ಕೇಟ್ ಸಿತ್ ಇದ್ದಾನೆ. ಆ ಆಟದ ಮೇಲೆ ನನಗಿರುವ ಪ್ರೀತಿ ದೊಡ್ಡದು, ಅದಕ್ಕೇ ಈ ಪಾತ್ರ ಇನ್ನೂ ಚುಚ್ಚುತ್ತದೆ. ಭವಿಷ್ಯ ಹೇಳುವ ಬೆಕ್ಕಿನ ಗೊಂಬೆ, ಕರೆಯದೆಯೇ ಬಂದು ತಂಡ ಸೇರುತ್ತದೆ. ಅದನ್ನು ದೂರದಿಂದ ಆಡಿಸುತ್ತಿರುವವನು ಶತ್ರು ಕಂಪನಿ ಶಿನ್ರಾದ ಅಧಿಕಾರಿ. ಪುರಾತನರ ದೇವಾಲಯದ ಬಾಗಿಲು ತೆರೆಯಲು ತಂಡ ಕಷ್ಟಪಟ್ಟು ಗಳಿಸಿದ ಕೀಲಿಕಲ್ಲನ್ನು ಕದ್ದು ಶಿನ್ರಾಗೆ ಒಪ್ಪಿಸುತ್ತಾನೆ. ಸಿಕ್ಕಿಬಿದ್ದಾಗ, ತಂಡದ ಬ್ಯಾರೆಟ್ ಸಾಕಿದ ಪುಟ್ಟ ಹುಡುಗಿ ಮಾರ್ಲಿನ್ ತಮ್ಮ ವಶದಲ್ಲಿದ್ದಾಳೆ ಎಂದು ಬೆದರಿಸಿ ಬಾಯಿ ಮುಚ್ಚಿಸುತ್ತಾನೆ. ಮಗುವನ್ನು ಒತ್ತೆಯಿಟ್ಟವನು! ಅದಾಗಿ ಸ್ವಲ್ಪ ಹೊತ್ತಿಗೇ ಪುರಾತನರ ದೇವಾಲಯದಲ್ಲಿ ‘ನಾನು ಪ್ರಾಣ ಕೊಡುತ್ತೇನೆ’ ಎಂದು ಮುಂದೆ ಬರುತ್ತಾನೆ, ಸಂಗೀತ ಕರುಳು ಹಿಂಡುತ್ತದೆ, ಗೊಂಬೆ ಒಳಗೆ ಹೋಗಿ, ಕುಗ್ಗುವ ದೇವಾಲಯದೊಳಗೆ ಜಜ್ಜಿಹೋಗುತ್ತದೆ. ಮರುಕ್ಷಣ ಅಂಥದೇ ಇನ್ನೊಂದು ಗೊಂಬೆ ಓಡಿಬಂದು ತಂಡಕ್ಕೆ ಸೇರಿಕೊಳ್ಳುತ್ತದೆ. ಅದರ ಶಕ್ತಿ, ಆಯುಧ ಯಾವುದರಲ್ಲೂ ಏನೂ ಕಡಿಮೆಯಿಲ್ಲ.

ತ್ಯಾಗ ಮಾಡಿದವನು ಏನನ್ನೂ ಕಳೆದುಕೊಳ್ಳಲಿಲ್ಲ, ನಾವೂ ಕಳೆದುಕೊಳ್ಳಲಿಲ್ಲ. ಒತ್ತೆಯಾಳಿನ ಮಾತನ್ನು ಯಾರೂ ಅವನ ಮುಂದೆ ಮತ್ತೆ ಗಟ್ಟಿಯಾಗಿ ಎತ್ತುವುದೂ ಇಲ್ಲ. ಕ್ಷಮಿಸುವ ಕೆಲಸ ನಮ್ಮ ಬೆನ್ನಹಿಂದೆ ಮುಗಿದುಹೋಗಿದೆ. ಮುಂದೆ ಆ ಅಧಿಕಾರಿ ಶಿನ್ರಾದ ಒಳಗಿನಿಂದಲೇ ತಂಡಕ್ಕೆ ನೆರವಾಗುತ್ತಾನೆ ನಿಜ, ಅದರಲ್ಲಿ ನಿಜವಾದ ಅಪಾಯವೂ ಇದೆ. ಆದರೆ ಮೊದಲು ಬಾಕಿ ಉಳಿದ ಲೆಕ್ಕ ಹಾಗೇ ಉಳಿದಿರುತ್ತದೆ.

ಇದೇ ಬಗೆಯ ದ್ರೋಹಿಯನ್ನು ಒಂದು ಸಲ ಸಾಧಾರಣವಾಗಿ, ಇನ್ನೊಂದು ಸಲ ಅದ್ಭುತವಾಗಿ ಬರೆದ ಅಪರೂಪದ ಉದಾಹರಣೆ ಪರ್ಸೋನಾ 5ರ ಗೊರೊ ಅಕೆಚಿ. 2016ರ ಮೂಲ ಆಟದಲ್ಲಿ ಅವನ ಜೊತೆಗಿನ ಸ್ನೇಹದ ಮಟ್ಟ ಕಥೆ ಸಾಗಿದಂತೆ ತಾನೇ ತಾನಾಗಿ ಏರುತ್ತಿತ್ತು. ಉಳಿದ ಗೆಳೆಯರಿಗೆ ನಾವು ಸಂಜೆಗಳನ್ನು ಮೀಸಲಿಡಬೇಕು, ಅವನಿಗೆ ಮಾತ್ರ ಬೇಕಿರಲಿಲ್ಲ. ಕಥಾನಾಯಕನನ್ನು ಯಾರೋ ಮಾರಿಬಿಟ್ಟಿದ್ದಾರೆ ಎಂಬುದನ್ನು ಆಟ ಮೊದಲ ದೃಶ್ಯಗಳಲ್ಲೇ ಹೇಳಿರುತ್ತದೆ. ಟಿವಿ ಸ್ಟೂಡಿಯೋದಲ್ಲಿ ಅಕೆಚಿ ಪ್ಯಾನ್‌ಕೇಕ್ ಎಂದು ಬಾಯಿಬಿಟ್ಟಾಗ ಸೂಕ್ಷ್ಮವಾಗಿ ಕೇಳಿಸಿಕೊಂಡವರಿಗೆ ಗುಟ್ಟು ರಟ್ಟು. ಪ್ಯಾನ್‌ಕೇಕ್ ಎಂದದ್ದು ಮೊರ್ಗಾನಾ ಎಂಬ ಬೆಕ್ಕು, ಬೆಕ್ಕಿನ ಮಾತು ಅರ್ಥವಾಗುವುದು ಆಟದಲ್ಲಿ ಬರುವ ಮಾಯಾಲೋಕಕ್ಕೆ ಹೋಗಿಬಂದವರಿಗೆ ಮಾತ್ರ. ಸೊಗಸಾದ ಸುಳಿವು. ಆದರೂ ನಾವೇ ಆರಿಸಿ ಕಟ್ಟಿದ ಸ್ನೇಹವಲ್ಲವಾದ್ದರಿಂದ ಅವನು ತಿರುಗಿಬಿದ್ದಾಗ ನೋವಾಗುವುದಿಲ್ಲ, ಒಗಟು ಬಿಡಿಸಿದ ಸಮಾಧಾನವಷ್ಟೇ.

ಪರ್ಸೋನಾ 5 ರಾಯಲ್ ಜಪಾನಿನಲ್ಲಿ 2019ರಲ್ಲಿ, ಹೊರಗೆ 2020ರಲ್ಲಿ ಬಂತು. ಅಲ್ಲಿ ಅಕೆಚಿಯ ಜೊತೆ ಸಮಯ ಕಳೆಯಬೇಕೇ ಬೇಡವೇ ಎಂಬುದನ್ನು ನಮಗೇ ಬಿಟ್ಟರು. ಜಾಝ್ ಕ್ಲಬ್ಬಿಗೆ ಹೋಗಬಹುದು, ಬಿಲಿಯರ್ಡ್ಸ್ ಆಡಬಹುದು. ಬಿಲಿಯರ್ಡ್ಸ್ ಆಡುವಾಗ ಅವನು ಬಲಗೈ ಬಳಸುತ್ತಿರುತ್ತಾನೆ, ಅಸಲಿಗೆ ಎಡಗೈ ರೂಢಿಯವನು ಎಂಬುದು ಆಮೇಲೆ ತಿಳಿಯುತ್ತದೆ. ಇವನು ನಮ್ಮೆದುರು ಪೂರ್ತಿ ಬಲ ತೋರಿಸುತ್ತಿಲ್ಲ ಎಂಬ ಇಡೀ ಪಾತ್ರದ ಸಾರ ಆ ಒಂದು ಕೈ ಬದಲಾವಣೆಯಲ್ಲಿದೆ. ಮುಂದೆ ಒಂದು ದಿನ ನೇರವಾಗಿ, ನಿನ್ನನ್ನು ಕಂಡರೆ ನನಗಾಗದು ಎಂದು ಹೇಳಿ, ಕೈಗವಸು ಎಸೆದು ಸವಾಲು ಹಾಕುತ್ತಾನೆ. ಕೊನೆಯ ಭಾಗದಲ್ಲಿ ಮುಖವಾಡ ಪೂರ್ತಿ ಕಳಚಿ ಒರಟನಾಗಿ, ಮುಲಾಜಿಲ್ಲದೆ ಮಾತಾಡುತ್ತಾನೆ. ಸಿಹಿಮಾತಿನ ಅಕೆಚಿಗಿಂತ ಈ ಒರಟ ಅಕೆಚಿಯನ್ನು ನಂಬುವುದು ಎಷ್ಟು ಸುಲಭ! ಕೊಲೆ ಮಾಡಿದವನು ಎಂಬುದು ಬದಲಾಗಿಲ್ಲ, ಬದಲಾಗಬೇಕಾಗಿಯೂ ಇಲ್ಲ. ಅವನಿಗೆ ಏನು ಬೇಕು, ಯಾವುದಕ್ಕೆ ಎಂದೂ ಒಪ್ಪುವುದಿಲ್ಲ ಎಂಬುದು ಈಗ ನಮಗೆ ಗೊತ್ತು.

ಒಬ್ಬನ ಬಯಕೆ ಏನೆಂದು ಗೊತ್ತಿದ್ದರೆ ಅವನು ಕೆಟ್ಟವನಾದರೂ ಅವನ ಜೊತೆ ಬಾಳಬಹುದು. ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್‌ನ ಐರನ್ ಬುಲ್ ಕೆಲಸಕ್ಕೆ ಸೇರುವಾಗಲೇ, ನಾನು ಗೂಢಚಾರ, ನಿಮ್ಮ ಸುದ್ದಿಯನ್ನು ನಮ್ಮವರಿಗೆ ಕಳಿಸುತ್ತೇನೆ ಎಂದು ಹೇಳಿಬಿಡುತ್ತಾನೆ. ಇದಕ್ಕಿಂತ ನೇರ ಇನ್ನೇನು ಬೇಕು? ಮುಂದೆ ಅವನ ಪುಟ್ಟ ಪಡೆಯನ್ನು ಉಳಿಸುವುದೋ, ಅವನ ನಾಡಿನ ಜೊತೆಗಿನ ಒಪ್ಪಂದಕ್ಕಾಗಿ ಆ ಪಡೆಯನ್ನು ಬಲಿಕೊಡುವುದೋ ಎಂದು ನಾವು ತೀರ್ಮಾನಿಸಬೇಕಾಗುತ್ತದೆ. ಬಲಿಕೊಟ್ಟರೆ, 2015ರ ಟ್ರೆಸ್‌ಪಾಸರ್ ಎಂಬ ಮುಂದುವರಿದ ಕಥೆಯಲ್ಲಿ ಅವನು ನಮ್ಮ ಮೇಲೇ ತಿರುಗಿಬೀಳುತ್ತಾನೆ, ಪ್ರೇಮವಿದ್ದರೂ ಬಿಡುವುದಿಲ್ಲ. ಆಘಾತವಾಗುತ್ತದೆ, ಮೋಸ ಎನಿಸುವುದಿಲ್ಲ. ನಿನ್ನವರಿಗಿಂತ ನಿನ್ನ ನಾಡು ದೊಡ್ಡದು ಎಂದು ಅವನಿಗೆ ಕಲಿಸಿದವರು ನಾವೇ ಅಲ್ಲವೇ?

2004ರ ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2ರ ಕ್ರೇಯಾ ಕೂಡ ಹಾಗೇ. ಭಿಕ್ಷುಕನೊಬ್ಬನಿಗೆ ಹಣ ಕೊಟ್ಟರೆ ಅವಳು ಬೈಯುತ್ತಾಳೆ, ಆ ಹಣಕ್ಕಾಗಿಯೇ ಅವನನ್ನು ಇನ್ನೊಬ್ಬ ಹೊಡೆಯುವುದನ್ನು ತೋರಿಸುತ್ತಾಳೆ. ಕೊಡದೆ ಗದರಿಸಿ ಕಳಿಸಿದರೂ ಬೈಯುತ್ತಾಳೆ, ಆ ಸಿಟ್ಟನ್ನು ಅವನು ಇನ್ನೊಬ್ಬನ ಮೇಲೆ ತೀರಿಸಿಕೊಳ್ಳುವುದನ್ನು ತೋರಿಸುತ್ತಾಳೆ. ಕಿರಿಕಿರಿಯ ಮುದುಕಿ ಎನಿಸಿದರೂ ಅವಳ ಆಲೋಚನೆಗೆ ಒಂದು ಗಟ್ಟಿ ಜಾಡಿದೆ. ನಮ್ಮನ್ನು ಬಳಸಿಕೊಳ್ಳುತ್ತಿದ್ದಾಳೆ ಎಂಬುದನ್ನೂ ಅವಳು ತುಂಬ ಮುಚ್ಚಿಡುವುದಿಲ್ಲ. ಕೊನೆಗೆ ಅವಳೇ ಎದುರಾಳಿಯಾದಾಗಲೂ ಅವಳ ಮಾತಿನ ಮೇಲಿನ ಗೌರವ ಉಳಿಯುತ್ತದೆ.

ಬರವಣಿಗೆಯಷ್ಟೇ ದೊಡ್ಡ ತೊಡಕು ಆಟದ ನಿಯಮಗಳ ವ್ಯವಸ್ಥೆಯಲ್ಲೂ ಇದೆ. ‘ಇಂಥವರಿಗೆ ಇದು ಮೆಚ್ಚುಗೆಯಾಯಿತು’ ಎಂದು ಪರದೆಯ ಮೂಲೆಯಲ್ಲಿ ಮೂಡುವ ಸಾಲನ್ನು ನೆನಪಿಸಿಕೊಳ್ಳಿ. ಆ ಸಾಲು ಸುಳ್ಳು ಹೇಳುವುದಿಲ್ಲ. ಬಾಯಲ್ಲಿ ಒಂದು, ಹೊಟ್ಟೆಯಲ್ಲಿ ಇನ್ನೊಂದು ಇಟ್ಟುಕೊಂಡ ಪಾತ್ರದ ಹೊಟ್ಟೆಯೊಳಗಿನದನ್ನು ಆಟವೇ ಬರೆದು ತೋರಿಸಿದ ಮೇಲೆ, ಅವನು ನಮಗೆ ಮೋಸ ಮಾಡುವುದು ಹೇಗೆ, ನಾವು ಅವನನ್ನು ಅರ್ಥಮಾಡಿಕೊಳ್ಳುವುದು ಹೇಗೆ? ಮುಖ ನೋಡಿ, ದನಿ ಕೇಳಿ ಅಳೆಯುವ ಕೆಲಸವನ್ನು ನಾವು ಬಿಟ್ಟುಬಿಡುತ್ತೇವೆ, ಸಂಖ್ಯೆ ಏರಿಸಲು ಆಡುತ್ತೇವೆ. 2009ರ ಡ್ರ್ಯಾಗನ್ ಏಜ್: ಆರಿಜಿನ್ಸ್‌ನಲ್ಲಿ ಝೆವ್ರಾನ್ ಎಂಬ ಬಾಡಿಗೆ ಕೊಲೆಗಾರ ನಮ್ಮನ್ನೇ ಕೊಲ್ಲಲು ಬಂದು, ಸೋತು, ತಂಡ ಸೇರುತ್ತಾನೆ. ಆಮೇಲೆ ಡೆನೆರಿಮ್‌ನ ಓಣಿಯಲ್ಲಿ ಅವನ ಹಳೆಯ ಜೊತೆಗಾರ ಎದುರಾದಾಗ, ನಮ್ಮ ಮೇಲೆ ಅವನಿಗೆ ಒಲವು ಸಾಕಷ್ಟಿದ್ದರೆ ನಮ್ಮ ಪರ ಕತ್ತಿ ಹಿಡಿಯುತ್ತಾನೆ, ತೀರಾ ಕಡಿಮೆಯಿದ್ದರೆ ಆ ಕಡೆ ಸೇರುತ್ತಾನೆ. ದೃಶ್ಯ ಎಷ್ಟು ಚೆನ್ನಾಗಿದೆ! ಆದರೆ ಆ ಒಲವನ್ನು ಚಿನ್ನದ, ಬೆಳ್ಳಿಯ ಗಟ್ಟಿಗಳನ್ನು ಉಡುಗೊರೆ ಕೊಟ್ಟೇ ಕೂಡಿಸಬಹುದು. ಮಾತಾಡಿ ಗಳಿಸಿದವರಿಗೆ ಆ ಓಣಿ ಮರೆಯಲಾಗದ್ದು, ಗಟ್ಟಿಗಳನ್ನು ಸುರಿದವರಿಗೆ ಅದೊಂದು ರಸೀದಿ.

ಕಾಳಗದ ಮಾತೂ ಇದೆ. ಕಥೆ ಅನುಮಾನಿಸಿ ಎನ್ನುತ್ತಿರುತ್ತದೆ, ಕಾಳಗದಲ್ಲಿ ಅದೇ ಪಾತ್ರ ನೂರಕ್ಕೆ ನೂರು ನಿಷ್ಠೆಯಿಂದ ನಾವು ಒತ್ತಿದ ಗುಂಡಿಯಂತೆ ಹೊಡೆಯುತ್ತದೆ. ಗಂಟೆಗಟ್ಟಲೆ ಬೆನ್ನು ಕಾಯ್ದವನನ್ನು ಎರಡು ನಿಮಿಷದ ಸಂಭಾಷಣೆಗಾಗಿ ಅನುಮಾನಿಸಲು ಕೈ ಒಪ್ಪುವುದಿಲ್ಲ. ಈ ಕೊರತೆಯನ್ನೇ ಅಸ್ತ್ರ ಮಾಡಿಕೊಂಡದ್ದು 2000ದ ಬಾಲ್ಡರ್ಸ್ ಗೇಟ್ 2. ಬೀಗ ತೆಗೆಯಲು, ಬಲೆ ಬಿಡಿಸಲು ಪಳಗಿದ ಕಳ್ಳ ಬೇಕೇ ಬೇಕು, ಆಟದ ಮೊದಲಲ್ಲೇ ಸಿಗುವ ಯೋಶಿಮೋ ಆ ಕೆಲಸದಲ್ಲಿ ಗಟ್ಟಿಗ. ನೆಚ್ಚಿಕೊಳ್ಳುತ್ತೇವೆ. ಸ್ಪೆಲ್‌ಹೋಲ್ಡ್ ಎಂಬ ಸೆರೆಮನೆಯಲ್ಲಿ ಅವನು ಶತ್ರುವಿನ ಮಾಂತ್ರಿಕ ಬಂಧನಕ್ಕೆ ಸಿಕ್ಕವನೆಂದು ತಿಳಿಯುವಾಗ ಮನಸ್ಸಿನ ಜೊತೆಗೆ ತಂಡದ ವ್ಯವಸ್ಥೆಯೂ ಮುರಿಯುತ್ತದೆ. ನಂಬಿಕೆ ಹುಟ್ಟಿದ್ದು ಕಥೆಯಲ್ಲಲ್ಲ, ಬೀಗಗಳಲ್ಲಿ. ಅದಕ್ಕೇ ಇಷ್ಟು ವರ್ಷಗಳ ಮೇಲೂ ಆ ಹೆಸರು ಕೇಳಿದರೆ ಹಳೆಯ ಆಟಗಾರರಿಗೆ ಕಸಿವಿಸಿಯಾಗುತ್ತದೆ.

ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗದ ಪಾತ್ರ ಒಂದಿದೆ, ಡ್ರ್ಯಾಗನ್ ಏಜ್ 2ರ ಆಂಡರ್ಸ್. ಮಾಂತ್ರಿಕರ ಬಿಡುಗಡೆಯೇ ಅವನ ಉಸಿರು, ವರ್ಷಗಟ್ಟಲೆ ಅದನ್ನೇ ಹೇಳುತ್ತಾನೆ. ಕೊನೆಗೆ, ತನ್ನೊಳಗೆ ಸೇರಿಕೊಂಡಿರುವ ಇನ್ನೊಂದು ಆತ್ಮದಿಂದ ಬೇರ್ಪಡಲು ಮದ್ದು ಮಾಡಬೇಕು ಎಂದು ಸುಳ್ಳು ಹೇಳಿ ನಮ್ಮಿಂದಲೇ ಸಾಮಗ್ರಿ ತರಿಸಿಕೊಂಡು ನಗರದ ದೇವಾಲಯವನ್ನೇ ಸ್ಫೋಟಿಸುತ್ತಾನೆ. ಬಯಕೆ ಮುಚ್ಚಿಟ್ಟದ್ದಲ್ಲ, ಹಾಗಾಗಿ ಪಾತ್ರ ಪ್ರಾಮಾಣಿಕ. ಆದರೆ ನಾವು ಅನುಮಾನಿಸಿ ಸಹಾಯ ಮಾಡಲ್ಲ ಎಂದರೂ ದೇವಾಲಯ ಸಿಡಿಯುತ್ತದೆ. ಅನುಮಾನಕ್ಕೆ ಬಾಯಿ ಇದೆ, ಕೈ ಇಲ್ಲ. ಆಮೇಲೆ ಅವನನ್ನು ಕೊಲ್ಲುವ, ಬಿಡುವ ಹಕ್ಕನ್ನು ನಮಗೆ ಕೊಟ್ಟದ್ದು ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ ಎಂದು ನನಗನಿಸುತ್ತದೆ. ಒಪ್ಪದವರೂ ಬಹಳ ಮಂದಿ ಇದ್ದಾರೆ, ಅವರ ವಾದದಲ್ಲೂ ಹುರುಳಿದೆ.

ಇನ್ನು ನಿಮ್ಮ ಗೆಳತಿ. ನೀವಿಬ್ಬರೂ ನೋಡಿದ್ದು ಒಬ್ಬನೇ ಎಂಪರರ್ ಅಲ್ಲದಿರಬಹುದು. ತನಗೂ ಬಾಲ್ಡರ್ಸ್ ಗೇಟ್ ನಗರವನ್ನು ಆಳುತ್ತಿದ್ದವರಲ್ಲಿ ಒಬ್ಬಳಾದ ಡ್ಯೂಕ್ ಸ್ಟೆಲ್‌ಮೇನ್‌ಗೂ ಗಾಢ ಸ್ನೇಹ, ಸಮಾನರ ಪಾಲುದಾರಿಕೆ ಇತ್ತು ಎಂದು ಅವನು ಹೇಳಿಕೊಳ್ಳುತ್ತಾನೆ, ಹಿತವಾದ ನೆನಪಿನ ದೃಶ್ಯವನ್ನೂ ತೋರಿಸುತ್ತಾನೆ. ಅವನ ಜೊತೆ ಸೌಜನ್ಯದಿಂದ ಇದ್ದವರಿಗೆ ಕಥೆ ಅಷ್ಟಕ್ಕೇ ನಿಲ್ಲುತ್ತದೆ. ರಾತ್ರಿ ಅವನು ಹತ್ತಿರ ಬಂದಾಗ ಅಸಹ್ಯಪಟ್ಟು ಕಟುವಾಗಿ ತಳ್ಳಿದರೆ ಮಾತ್ರ ಎರಡನೇ ನೆನಪು ಹೊರಬರುತ್ತದೆ. ಅದರಲ್ಲಿ ಸ್ಟೆಲ್‌ಮೇನ್‌ಳ ಮನಸ್ಸನ್ನು ಅವನು ವಶಮಾಡಿಕೊಂಡು ಆಡಿಸುತ್ತಿದ್ದದ್ದು ಕಾಣುತ್ತದೆ, ನಿನಗೂ ಹೀಗೆ ಮಾಡಬಲ್ಲೆ ಎಂಬ ಎಚ್ಚರಿಕೆಯ ಹಾಗೆ. ಅಂದರೆ ಕರುಣೆ ತೋರಿದವರಿಗೆ ಸುಳ್ಳು, ಕಟುವಾದವರಿಗೆ ಸತ್ಯ. ಸತ್ಯ ಬರುವುದೂ ಬೆದರಿಕೆಯ ರೂಪದಲ್ಲಿ. ಜೊತೆಗೆ, ಅಸ್ಟೇರಿಯನ್‌ಗೆ ಇರುವಂಥ ಮೆಚ್ಚುಗೆಯ ಲೆಕ್ಕ ಎಂಪರರ್‌ಗೆ ಇಲ್ಲ, ಹಾಗಾಗಿ ಅವನ ಹೊಟ್ಟೆಯೊಳಗೇನಿದೆ ಎಂದು ಪರದೆಯ ಮೂಲೆಯೂ ಹೇಳುವುದಿಲ್ಲ.

ಕೊನೆಯಲ್ಲಿ ಓರ್ಫಿಯಸ್‌ನನ್ನು ಬಿಡಿಸುತ್ತೇವೆ ಎಂದರೆ ಎಂಪರರ್ ನೇರವಾಗಿ ಶತ್ರುವಿನ ಪಾಳೆಯಕ್ಕೆ ಹೋಗುತ್ತಾನೆ. ಬದುಕುಳಿಯುವುದೇ ಅವನ ಏಕೈಕ ಬಯಕೆ ಎಂದು ಓದಿಕೊಂಡರೆ ಅದು ಸರಿಹೊಂದುತ್ತದೆ, ಗೆಳೆಯ ಎಂದು ಓದಿಕೊಂಡವರಿಗೆ ಅದು ಬರಹಗಾರರು ಮಾಡಿದ ಅನ್ಯಾಯದಂತೆ ಕಾಣುತ್ತದೆ. ನಿಮ್ಮ ಗೆಳತಿಯ ಬಳಿ ಮೂರನೇ ಅಂಕದ ಹಳೆಯ ಸೇವ್ (ಉಳಿಸಿಟ್ಟ ಆಟ) ಇದ್ದರೆ ಆ ರಾತ್ರಿಯ ದೃಶ್ಯವನ್ನು ಮತ್ತೊಮ್ಮೆ ಆಡಲು ಹೇಳಿ, ಈ ಸಲ ಅವನನ್ನು ಒರಟಾಗಿ ತಿರಸ್ಕರಿಸಲಿ. ನೀವೂ ನಿಮ್ಮ ಸೇವ್ ತೆರೆದು ಒಂದು ಸಲ ಅವನ ಜೊತೆ ಮೆತ್ತಗೆ ಮಾತಾಡಿ ನೋಡಿ. ಆಮೇಲೆ ಇಬ್ಬರೂ ಕುಳಿತು ವಾದ ಮುಂದುವರಿಸಬಹುದು.